ಅಮೆರಿಕದ ‘ಪುಕ್ಕಟೆ’ ಫೋನ್ ಊರಿಗೆ ತರಿಸಬಹುದೇ? ಒಂದೇ ಕಂಪನಿಗೆ ಫೋನ್ ಕಟ್ಟಿಹಾಕುವ ಒಪ್ಪಂದಗಳ ಒಳಲೆಕ್ಕವೇನು?

ಧಾರವಾಡ_ಕೆಎ25

ಡಲ್ಲಾಸ್‌ನಲ್ಲಿರುವ ಭಾವ ದಸರೆಗೆ ಬರುವಾಗ ಅಮ್ಮನಿಗೆ ಒಂದು ಐಫೋನ್ ತರುವ ಮಾತಿದೆ. ಅಲ್ಲಿನ ಕ್ಯಾರಿಯರ್ (ಮೊಬೈಲ್ ಸೇವೆ ಕೊಡುವ ಕಂಪನಿ) ಅಂಗಡಿಯಲ್ಲಿ ಹೊಸ ಲೈನ್ ತಗೊಂಡರೆ ಫೋನ್ ಹೆಚ್ಚೂಕಡಿಮೆ ಪುಕ್ಕಟೆಯಂತೆ. ಅದಕ್ಕೆ ಇಲ್ಲಿ ಜಿಯೋ ಅಥವಾ ಏರ್‌ಟೆಲ್ ನಡೆಯುತ್ತದೆಯೇ?

ಇನ್ನೊಂದು ಬರೀ ಕುತೂಹಲಕ್ಕೆ. 2007ರಲ್ಲಿ ಐಫೋನ್ ಬಂದಾಗ ಅಮೆರಿಕದಲ್ಲಿ ಎಟಿ ಅಂಡ್ ಟಿ ಎಂಬ ಕ್ಯಾರಿಯರ್‌ನವರ ಬಳಿ ಮಾತ್ರ ಸಿಗುತ್ತಿತ್ತು. ಫೋನ್ ಮಾಡುವವರಿಗೆ ಎಲ್ಲ ಕಡೆ ಮಾರಿದರೇ ಲಾಭವಲ್ಲವೇ? ಉಳಿದ ಕಂಪನಿಗಳ ಗ್ರಾಹಕರನ್ನೆಲ್ಲ ಕೈಬಿಟ್ಟು ಒಬ್ಬರಿಗೇ ಯಾಕೆ ಕೊಟ್ಟರು? ನಮ್ಮಲ್ಲಿ ಆ ಪದ್ಧತಿ ಯಾಕೆ ಬೇರೂರಲಿಲ್ಲ?

---

ಟವರ್‌ಕಂಬ

ಎರಡನೆಯದರಿಂದ ಶುರು ಮಾಡುತ್ತೇನೆ. ಅದು ಅರ್ಥವಾದರೆ ಮೊದಲನೆಯದರ ಉತ್ತರ ಅರ್ಧ ಸಿಕ್ಕಿದಂತೆ.

ಆಗಿನ ಅಮೆರಿಕದಲ್ಲಿ ಫೋನ್ ಕಂಪನಿಯ ನಿಜವಾದ ಗಿರಾಕಿ ನೀವು ನಾವಲ್ಲ, ಕ್ಯಾರಿಯರ್. ಅವರ ಅಂಗಡಿಯಲ್ಲಿ ಜಾಗ ಸಿಗದಿದ್ದರೆ ಫೋನ್ ಮಾರಾಟವೇ ಇಲ್ಲ. ಹಾಗಾಗಿ ಮುಖದ ಮೇಲೆ ಯಾರ ಲೋಗೋ, ಮೆನುವಿನಲ್ಲಿ ಏನೇನು, ರಿಂಗ್‌ಟೋನ್ ಯಾರ ಅಂಗಡಿಯಿಂದ ಎಂಬುದನ್ನೆಲ್ಲ ಅವರೇ ನಿರ್ಧರಿಸುತ್ತಿದ್ದರು. ಆಪಲ್‌ಗೆ ಈ ಹಿಡಿತ ಬೇಕಿರಲಿಲ್ಲ. ವೆರೈಜನ್ ಎಂಬ ಕ್ಯಾರಿಯರ್ ಅದರ ಷರತ್ತುಗಳನ್ನು ಒಪ್ಪಲಿಲ್ಲ, ಸಿಂಗುಲರ್ ಎಂಬುದು ಒಪ್ಪಿತು. ಆ ಸಿಂಗುಲರೇ ಆಮೇಲೆ ಎಟಿ ಅಂಡ್ ಟಿ ಹೆಸರಿಗೆ ಬದಲಾಯಿತು.

ಕ್ಯಾರಿಯರ್ ಬಿಟ್ಟುಕೊಟ್ಟದ್ದು ಸಣ್ಣದಲ್ಲ. ಫೋನಿನ ಮೇಲೆ ತನ್ನ ಲೋಗೋ ಇಲ್ಲ, ತನ್ನ ಆ್ಯಪ್ ಇಲ್ಲ, ಆ್ಯಕ್ಟಿವೇಶನ್ ಗ್ರಾಹಕರ ಮನೆಯಲ್ಲಿ ಐಟ್ಯೂನ್ಸ್ ಮೂಲಕ. ವಿಶುವಲ್ ವಾಯ್ಸ್‌ಮೇಲ್‌ಗಾಗಿ (ಬಂದ ಧ್ವನಿ ಸಂದೇಶಗಳನ್ನು ಪಟ್ಟಿಯಾಗಿ ತೋರಿಸುವ ಸೌಲಭ್ಯ) ತನ್ನ ನೆಟ್‌ವರ್ಕ್‌ನಲ್ಲೇ ಬದಲಾವಣೆ ಮಾಡಬೇಕಾಯಿತು. ಇದರ ಮೇಲೆ ಪ್ರತಿ ಗ್ರಾಹಕರ ತಿಂಗಳ ಬಿಲ್ಲಿನಲ್ಲೂ ಆಪಲ್‌ಗೆ ಒಂದು ಪಾಲು. ಇಷ್ಟೆಲ್ಲ ಕೊಟ್ಟವರು ಸುಮ್ಮನೆ ಕೊಡುತ್ತಾರೆಯೇ? ಕೆಲವು ವರ್ಷ ಬೇರೆ ಯಾರಿಗೂ ಮಾರಬಾರದು ಎಂದು ಬರೆಸಿಕೊಂಡರು. ಐದು ವರ್ಷದ ಒಪ್ಪಂದ ಎಂದು 2007ರಲ್ಲೇ ಪತ್ರಿಕೆಗಳಲ್ಲಿ ಬಂದಿತ್ತು; ವಾಸ್ತವದಲ್ಲಿ 2011ರ ಫೆಬ್ರುವರಿ 10ರಂದು ವೆರೈಜನ್‌ಗೂ ಐಫೋನ್ 4 ಬಂತು.

ದರದ ಲೆಕ್ಕವನ್ನು ನೋಡಿದರೆ ಇಡೀ ಪದ್ಧತಿ ಬಿಚ್ಚಿಕೊಳ್ಳುತ್ತದೆ. 2007ರ ಜೂನ್ 29ಕ್ಕೆ 4 ಜಿಬಿ ಮಾದರಿಗೆ 499 ಡಾಲರ್, 8 ಜಿಬಿಗೆ 599. ಸಬ್ಸಿಡಿ ಇಲ್ಲ, ಆದರೂ ಎರಡು ವರ್ಷದ ಕರಾರು. 2008ರ ಜುಲೈನಲ್ಲಿ ಬಂದ ಐಫೋನ್ 3ಜಿಗೆ ಬೆಲೆ ಒಮ್ಮೆಗೇ 199ಕ್ಕೆ ಇಳಿಯಿತು. ಆಪಲ್‌ನ ಬಿಲ್ ಪಾಲು ನಿಂತಿತು, ಅದರ ಬದಲು ಎಟಿ ಅಂಡ್ ಟಿ ಮೊದಲೇ ದೊಡ್ಡ ಮೊತ್ತ ಕೊಟ್ಟು ಫೋನ್ ಕೊಂಡು ಕಡಿಮೆಗೆ ಮಾರಿತು. ಅದೇ ಹೊತ್ತಿಗೆ ಡೇಟಾ ಪ್ಲಾನ್ 20 ಡಾಲರಿಂದ 30ಕ್ಕೆ ಏರಿತು. ತಿಂಗಳಿಗೆ 10 ಹೆಚ್ಚು, 24 ತಿಂಗಳಿಗೆ 240. ಇಳಿದ ಬೆಲೆ ಬಿಲ್ಲಿನಲ್ಲಿ ವಾಪಸು ಬಂತು, ಗ್ರಾಹಕರ ಕೈಯಿಂದಲೇ.

ಮಧ್ಯೆ ಓಡಿಹೋಗದಂತೆ ಕರಾರು ಮುರಿಯುವ ದಂಡ. ಎಟಿ ಅಂಡ್ ಟಿ 2010ರ ಜೂನ್‌ನಿಂದ ಸ್ಮಾರ್ಟ್‌ಫೋನ್‌ಗೆ ಅದನ್ನು 325 ಡಾಲರ್ ಮಾಡಿತು, ಪ್ರತಿ ತಿಂಗಳಿಗೆ 10 ಡಾಲರ್ ಇಳಿಕೆ. ವೆರೈಜನ್ 2009ರ ನವೆಂಬರ್‌ನಲ್ಲೇ 350 ಮಾಡಿತ್ತು. ಲೆಕ್ಕ ಹಾಕಿ: 23 ತಿಂಗಳು ಕಟ್ಟಿ ಕೊನೆಯ ತಿಂಗಳು ಬಿಟ್ಟರೂ ಎಟಿ ಅಂಡ್ ಟಿಗೆ 95 ಡಾಲರ್ ತೆರಬೇಕಿತ್ತು.

---

ಬ್ಯಾಂಡ್‌_40

ಮೇಲಿನದಕ್ಕೆ ತಾಂತ್ರಿಕ ಪುರವಣಿ. ಜನ ‘ಲಾಕ್’ ಅನ್ನುವ ಒಂದೇ ಹೆಸರಿನಲ್ಲಿ ಬೇರೆ ಬೇರೆ ಸಂಗತಿಗಳನ್ನು ಕಲಸಿಬಿಡುತ್ತಾರೆ, ಹಾಗಾಗಿ ತಪ್ಪು ಕಡೆ ದುಡ್ಡು ಸುರಿಯುತ್ತಾರೆ.

‘ಇದು ನಮ್ಮಲ್ಲಿ ಮಾತ್ರ’ ಎಂಬುದು ಕಾಗದದ ಮೇಲಿನ ಒಪ್ಪಂದ. ಸಿಮ್ ಲಾಕ್ ಬೇರೆ. ಪ್ರತಿ ಸಿಮ್‌ನಲ್ಲಿ ಒಂದು ಐಎಂಎಸ್‌ಐ ಸಂಖ್ಯೆ ಇರುತ್ತದೆ. ಅದರ ಮೊದಲ ಅಂಕಿಗಳು ದೇಶ ಮತ್ತು ಕಂಪನಿಯನ್ನು ಹೇಳುತ್ತವೆ. ಭಾರತದ್ದು 404 ಅಥವಾ 405ರಿಂದ ಶುರು, ಅಮೆರಿಕದ ಎಟಿ ಅಂಡ್ ಟಿ 310-410. ಫೋನಿನ ಮೋಡೆಮ್ ಆ ಅಂಕಿಗಳನ್ನು ತನ್ನ ಪಟ್ಟಿಗೆ ಹೋಲಿಸುತ್ತದೆ, ಹೊಂದದಿದ್ದರೆ ಸಿಮ್ಮನ್ನು ಒಪ್ಪುವುದಿಲ್ಲ. ಹಳೇ ಫೋನ್‌ಗಳಲ್ಲಿ ಇದನ್ನು ತೆಗೆಯಲು ಒಂದು ಕೋಡ್ ಒತ್ತಬೇಕಿತ್ತು. ತಪ್ಪು ಕೋಡಿಗೆ ಮಿತಿ ಇರುತ್ತಿತ್ತು. ಮೀರಿದರೆ ಸರಿಯಾದ ಕೋಡ್ ಕೊಟ್ಟರೂ ತೆರೆಯುತ್ತಿರಲಿಲ್ಲ. ಐಫೋನ್‌ನಲ್ಲಿ ಕೋಡೇ ಇಲ್ಲ. ಯಾವ ಐಎಂಇಐಗೆ (ಪ್ರತಿ ಫೋನಿನ ಗುರುತಿನ ಸಂಖ್ಯೆ) ಯಾವ ನಿಯಮ ಎಂಬುದು ಆಪಲ್ ಸರ್ವರ್‌ನಲ್ಲಿರುತ್ತದೆ. ಕ್ಯಾರಿಯರ್ ‘ಬಿಡುಗಡೆ ಮಾಡಿ’ ಎಂದು ತಿಳಿಸಿದ ಮೇಲೆ ಫೋನ್ ಇಂಟರ್ನೆಟ್‌ಗೆ ಬಂದಾಗ ಹೊಸ ಅನುಮತಿ ಪಡೆಯುತ್ತದೆ. ಅದಕ್ಕೇ ‘ಐಎಂಇಐ ಕೊಡಿ, ಕೋಡ್ ಕಳಿಸುತ್ತೇವೆ’ ಎನ್ನುವ ಜಾಲತಾಣಗಳು ಐಫೋನ್‌ಗೆ ಏನೂ ಮಾಡಲಾರವು.

ಸಿಡಿಎಂಎ ಎಂಬ ನೆಟ್‌ವರ್ಕ್ ತಂತ್ರಜ್ಞಾನದ ಕಾಲದಲ್ಲಿ ವೆರೈಜನ್ ಮತ್ತು ಸ್ಪ್ರಿಂಟ್ ಎಂಬ ಕ್ಯಾರಿಯರ್‌ಗಳಿಗೆ ಸಿಮ್ಮೇ ಇರಲಿಲ್ಲ. ಫೋನಿನ ಸರಣಿ ಸಂಖ್ಯೆ ಕಂಪನಿಯ ಪಟ್ಟಿಯಲ್ಲಿದ್ದರೆ ಮಾತ್ರ ಲೈನ್ ಚಾಲೂ. ವೆರೈಜನ್ ಐಫೋನ್ 4ರಲ್ಲಿ ಸಿಮ್ ಹಾಕುವ ಕಿಂಡಿಯೇ ಇಲ್ಲ, ಅದನ್ನು ಯಾರೂ ‘ಅನ್‌ಲಾಕ್’ ಮಾಡಿ ಇಲ್ಲಿನ ಜಿಎಸ್‌ಎಂಗೆ (ಸಿಮ್ ಬಳಸುವ ನೆಟ್‌ವರ್ಕ್) ತರಲು ಆಗುತ್ತಿರಲಿಲ್ಲ.

ಇನ್ನು ತರಂಗಾಂತರ. ಬೀಗ ತೆಗೆದ ಐಫೋನ್ 3ಜಿಯನ್ನು ಟಿ-ಮೊಬೈಲ್ ಎಂಬ ಇನ್ನೊಂದು ಕ್ಯಾರಿಯರ್‌ಗೆ ಒಯ್ದವರಿಗೆ ಎಡ್ಜ್ (2ಜಿ) ವೇಗ ಮಾತ್ರ ಸಿಗುತ್ತಿತ್ತು. ಎಟಿ ಅಂಡ್ ಟಿಯ 3ಜಿ 850 ಮತ್ತು 1900 ಮೆಗಾಹರ್ಟ್ಸ್‌ನಲ್ಲಿ, ಟಿ-ಮೊಬೈಲ್‌ನದು 1700ರಲ್ಲಿ ಕಳಿಸಿ 2100ರಲ್ಲಿ ಪಡೆಯುವ ಜೋಡಿಯಲ್ಲಿ. ಫೋನಿನಲ್ಲಿ 1700 ಇರಲೇ ಇಲ್ಲ. ಒಪ್ಪಂದ ಇಲ್ಲದಿದ್ದರೂ ರೇಡಿಯೋವೇ ಬೇಲಿ ಹಾಕಿತ್ತು.

---

ಚೌಕಾಸಿ

ಟವರ್‌ಕಂಬ ಅವರ ಲೆಕ್ಕ ಸರಿ, ಆದರೆ ಎರಡೂ ಕಡೆಯವರಿಗೆ ಲಾಭವಾದ ಒಂದು ಉದಾಹರಣೆ ಇಟ್ಟುಕೊಂಡು ಪದ್ಧತಿಯನ್ನು ಅಳೆಯಬಾರದು. ಸೋತವುಗಳ ಪಟ್ಟಿ ಉದ್ದವಿದೆ. 2009ರ ಜೂನ್‌ನಲ್ಲಿ ಪಾಮ್ ಪ್ರೀ ಎಂಬ ಫೋನ್ ಸ್ಪ್ರಿಂಟ್‌ನಲ್ಲಿ ಮಾತ್ರ ಬಂತು. ಸಾಫ್ಟ್‌ವೇರ್ ಚೆನ್ನಾಗಿತ್ತು, ಆದರೆ ಸ್ಪ್ರಿಂಟ್ ಆಗ ಗ್ರಾಹಕರನ್ನು ಕಳೆದುಕೊಳ್ಳುತ್ತಿದ್ದ ಮೂರನೇ ಸ್ಥಾನದ ಕಂಪನಿ. ಹೊಸ ವೇದಿಕೆಗೆ ಬೇಕಾದ ಜನವೇ ಸಿಗಲಿಲ್ಲ, ಜನರಿಲ್ಲದ ಕಡೆ ಆ್ಯಪ್ ಬರೆಯುವವರೂ ಬರಲಿಲ್ಲ. 2013ರ ಏಪ್ರಿಲ್‌ನ ಎಚ್‌ಟಿಸಿ ಫಸ್ಟ್ ಎಟಿ ಅಂಡ್ ಟಿಯಲ್ಲಿ 99 ಡಾಲರ್‌ಗೆ ಶುರುವಾಗಿ ಒಂದು ತಿಂಗಳೊಳಗೆ 99 ಸೆಂಟಿಗೆ ಬಂತು. 2014ರ ಜುಲೈನ ಅಮೆಜಾನ್ ಫೈರ್ ಫೋನ್ ಅಲ್ಲೇ 199ಕ್ಕೆ ಶುರು, ಸೆಪ್ಟೆಂಬರ್‌ಗೆ ಅದೂ 99 ಸೆಂಟ್. ಅಮೆಜಾನ್ 170 ಮಿಲಿಯನ್ ಡಾಲರ್ ನಷ್ಟ ಬರೆದುಕೊಂಡಿತು. ಹೊಸ ತಯಾರಕರಿಗೆ ಇಂಥ ಒಪ್ಪಂದ ಜಾಹೀರಾತಿನ ಖರ್ಚು ಉಳಿಸುತ್ತದೆ, ಮೊದಲ ಆರ್ಡರ್ ಖಾತ್ರಿ ಮಾಡುತ್ತದೆ. ಆಮೇಲೆ ಕ್ಯಾರಿಯರ್‌ನ ಆಸಕ್ತಿ ಇಳಿದರೆ ಹೋಗಲು ಬೇರೆ ಬಾಗಿಲಿರುವುದಿಲ್ಲ.

ಐಫೋನ್ ಸಿಗದ ವೆರೈಜನ್ ಮೊದಲು 2008ರ ನವೆಂಬರ್‌ನಲ್ಲಿ ಬ್ಲ್ಯಾಕ್‌ಬೆರಿ ಸ್ಟಾರ್ಮ್ ತಂದು ಕೈಸುಟ್ಟುಕೊಂಡಿತು, ಮರುವರ್ಷ ಮೊಟೊರೊಲಾ ಡ್ರಾಯ್ಡ್‌ಗೆ ಭಾರೀ ಪ್ರಚಾರ ಕೊಟ್ಟಿತು. ಅಮೆರಿಕದಲ್ಲಿ ಆಂಡ್ರಾಯ್ಡ್‌ಗೆ ಕಾಲೂರಲು ಜಾಗ ಸಿಕ್ಕಿದ್ದು ಅಲ್ಲಿಂದ. ನನ್ನ ದೃಷ್ಟಿಯಲ್ಲಿ ಎಟಿ ಅಂಡ್ ಟಿ ಒಪ್ಪಂದದ ಅತಿ ದೊಡ್ಡ ಫಲಾನುಭವಿ ಗೂಗಲ್.

ಏಟು ಬಿದ್ದದ್ದು ಹಳ್ಳಿಗಾಡಿನ ಸಣ್ಣ ಕಂಪನಿಗಳಿಗೆ. ದೊಡ್ಡವರ ಟವರ್ ಇಲ್ಲದ ಕಡೆ ಸಿಗ್ನಲ್ ಕೊಡುವವರು ಅವರೇ, ಆದರೆ ಮಾರಲು ಒಳ್ಳೆಯ ಫೋನ್ ಇಲ್ಲ. ಅವರ ಸಂಘ 2008ರಲ್ಲಿ ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿಗೆ ಅರ್ಜಿ ಹಾಕಿತು. 2009ರ ಜೂನ್‌ನಲ್ಲಿ ಜಾನ್ ಕೆರಿ, ರೋಜರ್ ವಿಕರ್, ಬೈರನ್ ಡಾರ್ಗನ್, ಏಮಿ ಕ್ಲೋಬುಚಾರ್ ಎಂಬ ನಾಲ್ವರು ಸೆನೆಟರ್‌ಗಳು ತನಿಖೆಗೆ ಪತ್ರ ಬರೆದರು, ಸೆನೆಟ್‌ನಲ್ಲಿ ವಿಚಾರಣೆಯೂ ನಡೆಯಿತು. ಜುಲೈನಲ್ಲಿ ವೆರೈಜನ್ ತಾನಾಗಿಯೇ ಒಂದು ಮೆಟ್ಟಿಲು ಇಳಿಯಿತು: 5 ಲಕ್ಷದೊಳಗಿನ ಗ್ರಾಹಕರಿರುವ ಕಂಪನಿಗಳಿಗೆ ಸಂಬಂಧಿಸಿ ಹೊಸ ಒಪ್ಪಂದಗಳ ಅವಧಿ ಆರು ತಿಂಗಳು ಮೀರದು. ನಿಷೇಧವೇನೂ ಬರಲಿಲ್ಲ. ಐಫೋನ್ ಎಲ್ಲರಿಗೂ ಸಿಕ್ಕ ಮೇಲೆ ಗಲಾಟೆಯೇ ತಣ್ಣಗಾಯಿತು.

ಫ್ರಾನ್ಸ್ ಮಾತ್ರ ಗಟ್ಟಿಯಾಗಿ ನಿಂತಿತು. ಆರೆಂಜ್ ಕಂಪನಿಗೆ ಐದು ವರ್ಷದ ಹಕ್ಕು ಇತ್ತು. ಬ್ವೀಗ್ ಟೆಲಿಕಾಂ ದೂರಿನ ಮೇಲೆ ಅಲ್ಲಿನ ಸ್ಪರ್ಧಾ ಮಂಡಳಿ 2008ರ ಡಿಸೆಂಬರ್ 17ರಂದು ಅದನ್ನು ತಡೆಹಿಡಿಯಿತು, ಮುಂದಿನ ಐಫೋನ್‌ಗಳಿಗೂ ಮೂರು ತಿಂಗಳಿಗಿಂತ ಹೆಚ್ಚು ಕೊಡಬಾರದು ಎಂದಿತು.

---

ಧಾರವಾಡ_ಕೆಎ25

ಓದಿ ಖುಷಿಯಾಯಿತು. ಹಾಗಾದರೆ ಈಗ ಆ ಒಪ್ಪಂದಗಳೇ ಇಲ್ಲ ಅಂದಮೇಲೆ ಬೀಗ ಯಾಕಿದೆ? ‘ಪುಕ್ಕಟೆ’ ಅನ್ನುವುದರ ಒಳಗುಟ್ಟೇನು?

---

ಟವರ್‌ಕಂಬ

ಒಪ್ಪಂದ ಹೋದರೂ ಕಟ್ಟಿಹಾಕುವ ಆಸೆ ಹೋಗಿಲ್ಲ, ಹಗ್ಗ ಬದಲಾಗಿದೆ. 2013ರ ಮಾರ್ಚ್‌ನಲ್ಲಿ ಟಿ-ಮೊಬೈಲ್ ಎರಡು ವರ್ಷದ ಕರಾರು ಕೈಬಿಟ್ಟ ಮೇಲೆ ಉಳಿದವರೂ ಫೋನಿನ ಬೆಲೆಯನ್ನು ಕಂತು ಮಾಡಿದರು. ಈಗಿನ ‘ಪುಕ್ಕಟೆ’ ಎಂದರೆ ಬಿಲ್ ಕ್ರೆಡಿಟ್. ಎಟಿ ಅಂಡ್ ಟಿ, ವೆರೈಜನ್‌ಗಳಲ್ಲಿ ಸಾಮಾನ್ಯವಾಗಿ 36 ತಿಂಗಳು, ಟಿ-ಮೊಬೈಲ್‌ನಲ್ಲಿ 24.

900 ಡಾಲರ್ ಫೋನ್ ಎಂದಿಟ್ಟುಕೊಳ್ಳಿ. ತಿಂಗಳಿಗೆ 25 ಡಾಲರ್ ಕಂತು ಬಿಲ್ಲಿಗೆ ಸೇರುತ್ತದೆ, ಅದೇ ಬಿಲ್ಲಿನಲ್ಲಿ 25 ಡಾಲರ್ ಕ್ರೆಡಿಟ್ ಕಳೆಯುತ್ತದೆ. ನೋಡಲು ಸೊನ್ನೆ. ಆದರೆ ಮಾರಾಟ ತೆರಿಗೆ ಪೂರ್ತಿ ಬೆಲೆಯ ಮೇಲೆ, ಮೊದಲ ದಿನವೇ: ಡಲ್ಲಾಸ್‌ನಲ್ಲಿ ಶೇ 8.25, ಅಂದರೆ 74 ಡಾಲರ್ ಚಿಲ್ಲರೆ. ಹೊಸ ಲೈನ್‌ನ ಬಾಡಿಗೆ ಮೂರು ವರ್ಷ ಕಟ್ಟಲೇಬೇಕು. ಹನ್ನೆರಡು ತಿಂಗಳಿಗೆ ಲೈನ್ ಮುಚ್ಚಿದರೆ ಉಳಿದ 24 ಕಂತು, 600 ಡಾಲರ್, ಒಟ್ಟಿಗೆ ಕಟ್ಟಬೇಕು, ಕ್ರೆಡಿಟ್ ನಿಂತಿತು.

ನಿಮ್ಮ ಭಾವ ಸಿಕ್ಕಿಬೀಳುವುದು ಮುಂದಿನ ಜಾಗದಲ್ಲಿ. ಬೀಗ ತೆಗೆಯಬೇಕಾದರೆ ಫೋನಿನ ಪೂರ್ತಿ ದುಡ್ಡು ತೀರಿರಬೇಕು. ಪೂರ್ತಿ ತೀರಿಸಿದರೆ ಬಹಳಷ್ಟು ಆಫರ್‌ಗಳಲ್ಲಿ ಉಳಿದ ಕ್ರೆಡಿಟ್ ರದ್ದು. ಅಂದರೆ ದಸರೆಗೆ ಧಾರವಾಡದಲ್ಲಿ ಬಳಸಬೇಕೆಂದರೆ ಪುಕ್ಕಟೆ ಅಲ್ಲ. ಪುಕ್ಕಟೆ ಬೇಕೆಂದರೆ ಬೀಗ ಇದ್ದೇ ಇರುತ್ತದೆ.

ಎಟಿ ಅಂಡ್ ಟಿ ನಿಯಮದಲ್ಲಿ ಪೋಸ್ಟ್‌ಪೇಯ್ಡ್ ಫೋನ್ 60 ದಿನ ಚಾಲೂ ಇರಬೇಕು, ಬಾಕಿ ಇರಬಾರದು, ಕಳವಿನ ದೂರು ಇರಬಾರದು. ಪ್ರೀಪೇಯ್ಡ್ ಆದರೆ ಆರು ತಿಂಗಳು. ಟಿ-ಮೊಬೈಲ್‌ನಲ್ಲಿ 40 ದಿನ, ಪ್ರೀಪೇಯ್ಡ್‌ಗೆ ಒಂದು ವರ್ಷ. ವೆರೈಜನ್ 2019ರಲ್ಲಿ ಎಫ್‌ಸಿಸಿ ಅನುಮತಿ ಪಡೆದು 60 ದಿನದ ಬೀಗ ತಂದಿತ್ತು; 60 ದಿನಕ್ಕೆ ತೆರೆಯಲೇಬೇಕೆಂಬ ಆ ಕಟ್ಟುಪಾಡಿನಿಂದ ಎಫ್‌ಸಿಸಿ 2026ರ ಜನವರಿಯಲ್ಲಿ ಅದಕ್ಕೆ ವಿನಾಯಿತಿ ಕೊಟ್ಟಿತು. ಇವು ಆಗಾಗ ಬದಲಾಗುವಂಥವು, ಕೊಳ್ಳುವ ದಿನದ ನಿಯಮವನ್ನು ಕಂಪನಿಯ ಪುಟದಲ್ಲೇ ಓದಿ ಅದರ ಪ್ರತಿ ತೆಗೆದಿಟ್ಟುಕೊಳ್ಳಿ. ಕಾನೂನಿನ ಭಯ ಬೇಡ. 2013ರ ಜನವರಿ 26ರಿಂದ ಕ್ಯಾರಿಯರ್ ಒಪ್ಪಿಗೆಯಿಲ್ಲದೆ ಹೊಸ ಫೋನಿನ ಬೀಗ ತೆಗೆಯುವುದು ಅಲ್ಲಿ ಅಪರಾಧದ ಸಾಲಿಗೆ ಹೋಗಿತ್ತು. ಒಂದು ಲಕ್ಷಕ್ಕೂ ಹೆಚ್ಚು ಜನ ಶ್ವೇತಭವನದ ಅರ್ಜಿಗೆ ಸಹಿ ಹಾಕಿದ ಮೇಲೆ 2014ರ ಆಗಸ್ಟ್ 1ರಂದು ಕಾಯ್ದೆಯೇ ಬಂದು ಸರಿಹೋಯಿತು.

---

ಮಾನ್ಸೂನ್_501

ಭಾರತದ ಪ್ರಶ್ನೆಗೆ ಯಾರೂ ಕೈಹಾಕಿಲ್ಲವಾದ್ದರಿಂದ.

ನಮ್ಮಲ್ಲೂ ಇತ್ತು, ಬೇರೆ ವೇಷದಲ್ಲಿ. 2003ರಲ್ಲಿ ರಿಲಯನ್ಸ್ 501 ರೂಪಾಯಿಗೆ ಫೋನ್ ಕೈಗಿಟ್ಟಿತಲ್ಲ, ಆ ಸಿಡಿಎಂಎ ಸೆಟ್‌ಗಳಲ್ಲಿ ತೆಗೆಯುವ ಸಿಮ್ ಇರಲಿಲ್ಲ, ನಂಬರ್ ಫೋನಿನೊಳಗೇ ಬರೆದಿರುತ್ತಿತ್ತು. ಕಂಪನಿ ಬಿಟ್ಟರೆ ಫೋನೂ ಬಿಟ್ಟಂತೆ. ಬಿಲ್ ಕಟ್ಟದವರ ಬಾಕಿ ಕಂಪನಿಯ ತಲೆಗೇ ಸುತ್ತಿಕೊಂಡಿತು. ಅಮೆರಿಕದಲ್ಲಿ ಕ್ರೆಡಿಟ್ ಸ್ಕೋರ್ ಹಾಳಾಗುವ ಹೆದರಿಕೆಯಿಂದ ಜನ ಕಂತು ಕಟ್ಟುತ್ತಾರೆ. ಇಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಸಂಪರ್ಕ ಪ್ರೀಪೇಯ್ಡ್. ರೀಚಾರ್ಜ್ ನಿಲ್ಲಿಸಿದವರ ಹಿಂದೆ ಹೋಗಿ ಸಬ್ಸಿಡಿ ವಸೂಲಿ ಮಾಡುವುದು ಯಾರಿಂದಲೂ ಆಗದ ಮಾತು. ಅದರ ಮೇಲೆ ಡ್ಯುಯಲ್ ಸಿಮ್ ಬಂತು. ಎರಡನೇ ಕಿಂಡಿಯಲ್ಲಿ ಎದುರಾಳಿಯ ಸಿಮ್ ಕೂರುವ ಫೋನಿಗೆ ಯಾವ ಕಂಪನಿ ದುಡ್ಡು ಹಾಕೀತು?

2008ರ ಆಗಸ್ಟ್ 22ಕ್ಕೆ ಏರ್‌ಟೆಲ್ ಮತ್ತು ವೊಡಾಫೋನ್ ಐಫೋನ್ 3ಜಿ ತಂದಾಗ 8 ಜಿಬಿಗೆ 31,000, 16 ಜಿಬಿಗೆ 36,100 ರೂಪಾಯಿ. ಪೂರ್ತಿ ದುಡ್ಡನ್ನೂ ಕೊಟ್ಟು, ಸಿಮ್ ಲಾಕನ್ನೂ ಹೊತ್ತುಕೊಳ್ಳಬೇಕಿತ್ತು. ಮಜಾ ಏನೆಂದರೆ ಆಗ ಈ ಎರಡೂ ಕಂಪನಿಗಳ ಬಳಿ 3ಜಿ ನೆಟ್‌ವರ್ಕೇ ಇರಲಿಲ್ಲ.

ಪದ್ಧತಿ ಗೆದ್ದದ್ದು ಅಗ್ಗದ ಫೋನ್‌ಗಳಲ್ಲಿ. 2017ರ ಜಿಯೋಫೋನ್‌ಗೆ 1,500 ರೂಪಾಯಿ ಮರಳುವ ಠೇವಣಿ, ಜಿಯೋ ಸಿಮ್ ಬಿಟ್ಟು ಬೇರೇನೂ ನಡೆಯದು. 2023ರ 999 ರೂಪಾಯಿಯ ಜಿಯೋ ಭಾರತ್ ಕೂಡ ಹಾಗೇ. 2017ರ ಅಕ್ಟೋಬರ್‌ನಲ್ಲಿ ಏರ್‌ಟೆಲ್ ಕಾರ್ಬನ್ ಎ40 ಇಂಡಿಯನ್ ಫೋನಿಗೆ ಮೊದಲು 2,899 ಕಟ್ಟಿಸಿಕೊಂಡು, 36 ತಿಂಗಳು 169ರ ರೀಚಾರ್ಜ್ ಮಾಡಿದರೆ 18 ತಿಂಗಳಿಗೆ 500, 36ಕ್ಕೆ 1,000 ವಾಪಸು ಎಂದಿತು. ಟವರ್‌ಕಂಬ ಹೇಳಿದ ಬಿಲ್ ಕ್ರೆಡಿಟ್‌ಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ. ಇಲ್ಲಿ ದುಡ್ಡು ಮೊದಲು ಗ್ರಾಹಕರದ್ದು, ಅಷ್ಟೇ.

---

ಬ್ಯಾಂಡ್‌_40

ಈಗ ಕೆಲಸದ ಮಾತು. ಭಾವನವರಿಗೆ ಆಪಲ್ ಅಂಗಡಿಯಲ್ಲೇ ಪೂರ್ತಿ ಬೆಲೆಗೆ, ‘ಕನೆಕ್ಟ್ ಟು ಎನಿ ಕ್ಯಾರಿಯರ್ ಲೇಟರ್’ ಆಯ್ಕೆ ಮಾಡಿ ಕೊಳ್ಳಲು ಹೇಳಿ. ಬೇರೆ ಎಲೆಕ್ಟ್ರಾನಿಕ್ಸ್ ಮಳಿಗೆಗಳಲ್ಲಿ ‘ಲಾಕ್ ಇಲ್ಲ’ ಎಂದು ಮಾರುವ ಕೆಲವು ಐಫೋನ್‌ಗಳಿಗೆ ರೀಸೆಲ್ಲರ್ ಫ್ಲೆಕ್ಸ್ ಎಂಬ ನಿಯಮ ಅಂಟಿರುತ್ತದೆ: ಮೊದಲು ಯಾವ ಕಂಪನಿಯ ಸಿಮ್ ಹಾಕಿದರೋ ಅದಕ್ಕೇ ಬೀಗ ಬೀಳುತ್ತದೆ. ಪೆಟ್ಟಿಗೆಯ ಮೇಲೆ ಇದು ಬರೆದಿರುವುದಿಲ್ಲ.

ಪರೀಕ್ಷೆ ಸುಲಭ. ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ ಕೆಳಗೆ ಇಳಿದರೆ ಕ್ಯಾರಿಯರ್ ಲಾಕ್ ಎಂಬ ಸಾಲು. ಅಲ್ಲಿ ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದೇ ಇರಬೇಕು. ‘ಸಿಮ್ ಲಾಕ್ಡ್’ ಇದ್ದರೆ ಅಲ್ಲೇ ವಾಪಸು ಮಾಡಿ. ಹೊಸ ಫೋನಾದರೆ ಚಾಲೂ ಮಾಡಿದ ಮೇಲಷ್ಟೇ ಈ ಸಾಲು ನಂಬಲರ್ಹ.

ಅಮೆರಿಕದ ಐಫೋನ್ 14 ಮತ್ತು ನಂತರದವಕ್ಕೆ ಸಿಮ್ ತಟ್ಟೆ ಇಲ್ಲ, ಇಸಿಮ್ (ಫೋನಿನೊಳಗೇ ಇರುವ, ಇಂಟರ್ನೆಟ್ ಮೂಲಕ ಇಳಿಸಿಕೊಳ್ಳುವ ಸಿಮ್) ಮಾತ್ರ. ಹಾಗಾಗಿ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಮ್‌ಗೆ ತೆಳ್ಳನೆ ಚಿಪ್ ಅಂಟಿಸಿ ಬೀಗ ದಾಟಿಸುವ ಹಳೇ ಉಪಾಯಕ್ಕೂ ಇಲ್ಲಿ ಜಾಗವಿಲ್ಲ. ಇದ್ದ ಫೋನ್‌ಗಳಲ್ಲೂ ಅದು ಒಂದು ಐಒಎಸ್ ಅಪ್‌ಡೇಟ್‌ಗೆ ಸತ್ತುಹೋಗುತ್ತಿತ್ತು. ಬ್ಯಾಂಡ್ (ತರಂಗಾಂತರ ಪಟ್ಟಿ) ಚಿಂತೆ ಬೇಡ: ಜಿಯೋದ 4ಜಿ 3, 5, 40, 5ಜಿಯ 28 ಮತ್ತು 78 ಎಲ್ಲವೂ ಈ ಮಾದರಿಗಳಲ್ಲಿವೆ. ಜಿಯೋಗೆ 2ಜಿ, 3ಜಿ ಇಲ್ಲವಾದ್ದರಿಂದ ವೋಲ್ಟಿಇ (4ಜಿ ಮೂಲಕ ಕರೆ) ಬರದ ಫೋನಿನಲ್ಲಿ ಕರೆಯೇ ಹೋಗುವುದಿಲ್ಲ. ಐಫೋನ್‌ಗೆ ಆ ತೊಂದರೆಯಿಲ್ಲ, ಕ್ಯಾರಿಯರ್ ಸಾಫ್ಟ್‌ವೇರ್ ಇರುವ ಅಮೆರಿಕದ ಆಂಡ್ರಾಯ್ಡ್ ತರಿಸುವವರು ಇದನ್ನು ಮೊದಲೇ ಖಚಿತ ಮಾಡಿಕೊಳ್ಳಬೇಕು. ವೆರೈಜನ್‌ನಿಂದ ಕೊಂಡ ಪಿಕ್ಸೆಲ್ ಆದರೆ ಸಿಮ್ ಬೀಗ ಹೋದರೂ ಬೂಟ್‌ಲೋಡರ್ (ಬೇರೆ ಸಾಫ್ಟ್‌ವೇರ್ ಹಾಕಲು ಬೇಕಾದ ಬಾಗಿಲು) ತೆರೆಯುವುದಿಲ್ಲ.

ಅಮ್ಮನ ಹಾಲಿ ಸಿಮ್ಮನ್ನು ಇಸಿಮ್ ಮಾಡಿಸುವಾಗ ಗಮನಿಸಬೇಕಾದ್ದಿದೆ. ಜಿಯೋ ಆದರೆ 32 ಅಂಕಿಯ ಇಐಡಿ (ಇಸಿಮ್‌ನ ಗುರುತಿನ ಸಂಖ್ಯೆ) ಮತ್ತು 15 ಅಂಕಿಯ ಐಎಂಇಐ ಸೇರಿಸಿ 199ಕ್ಕೆ ಎಸ್‌ಎಂಎಸ್, ಏರ್‌ಟೆಲ್ ಆದರೆ ನೋಂದಾಯಿತ ಇಮೇಲ್ ವಿಳಾಸ ಸೇರಿಸಿ 121ಕ್ಕೆ. ಎರಡನ್ನೂ ಹಳೇ ಫೋನಿನಲ್ಲಿ ಸಿಮ್ ಇರುವಾಗಲೇ ಕಳಿಸಬೇಕು, ಮನೆಯಲ್ಲಿ ವೈ-ಫೈ ಇರಬೇಕು. ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ಬಂದ್ ಇರುತ್ತದೆ, ಬ್ಯಾಂಕ್ ಒಟಿಪಿ ಬರುವುದಿಲ್ಲ. ಪಿಂಚಣಿ ತೆಗೆಯುವ ದಿನ, ಗ್ಯಾಸ್ ಬುಕ್ ಮಾಡುವ ದಿನ ಇದಕ್ಕೆ ಕೈಹಾಕಬೇಡಿ. ಫೋನ್ ಬಿದ್ದು ಒಡೆದರೆ ಸಿಮ್ ಕಿತ್ತು ಹಳೇ ಸೆಟ್‌ಗೆ ಹಾಕುವಂತಿಲ್ಲ, ಆಧಾರ್ ಹಿಡಿದು ಅಂಗಡಿಗೇ ಹೋಗಬೇಕು. ವಾರಂಟಿ ಸೇವೆಯನ್ನು ಕೊಂಡ ದೇಶಕ್ಕೆ ಸೀಮಿತಗೊಳಿಸುವ ಹಕ್ಕನ್ನೂ ಆಪಲ್ ತನ್ನ ಷರತ್ತಿನಲ್ಲಿ ಉಳಿಸಿಕೊಂಡಿದೆ. ವಯಸ್ಸಾದವರ ಮುಖ್ಯ ಫೋನ್ ಇದಾಗುವುದಾದರೆ ಇಲ್ಲಿ ಸಿಗುವ, ಸಿಮ್ ತಟ್ಟೆ ಇರುವ ಮಾದರಿಯೇ ಮೇಲು ಎಂಬುದು ನನ್ನ ಅಭಿಪ್ರಾಯ, ಬೆಲೆ ಹೆಚ್ಚಾದರೂ.

---

ಚೌಕಾಸಿ

ಒಂದು ಸೇರಿಸುತ್ತೇನೆ. ಪರದೆಯ ಮೇಲಿನ ಸಾಲನ್ನು ನೋಡಿದ್ದಷ್ಟೇ ಸಾಲದು ಅನ್ನಿಸಿದರೆ ಭಾವನವರು ಅಲ್ಲಿ ತಮ್ಮ ಕಂಪನಿಯದ್ದಲ್ಲದ ಇಸಿಮ್ ಹಾಕಿ ನೋಡಲಿ. ಟಿ-ಮೊಬೈಲ್, ವೆರೈಜನ್ ಎರಡೂ ನೆಟ್‌ವರ್ಕ್ ಪರೀಕ್ಷಿಸಲು ಪುಕ್ಕಟೆ ಪ್ರಾಯೋಗಿಕ ಇಸಿಮ್ ಕೊಡುತ್ತ ಬಂದಿವೆ, ಬೀಗ ಇರುವ ಫೋನಿಗೆ ಅದು ಇಳಿಯುವುದೇ ಇಲ್ಲ. ಆದರೆ ರೀಸೆಲ್ಲರ್ ಫ್ಲೆಕ್ಸ್ ಅನುಮಾನ ಇರುವ ಫೋನಿನಲ್ಲಿ ಮಾತ್ರ ಈ ಪ್ರಯೋಗ ಬೇಡ. ಪರೀಕ್ಷೆಗೆ ಹಾಕಿದ ಸಿಮ್ಮೇ ಬೀಗವಾಗಿ ಕೂತುಬಿಡುತ್ತದೆ. ಆಪಲ್ ಅಂಗಡಿಯಲ್ಲಿ ಕೊಂಡದ್ದಾದರೆ ವಾಪಸಿಗೆ 14 ದಿನ ಇರುತ್ತದೆ, ಪ್ರಯಾಣಕ್ಕೆ ಅದಕ್ಕಿಂತ ಮುಂಚೆ ಕೊಂಡಿಟ್ಟರೆ ಪರೀಕ್ಷೆಯನ್ನು ಆ ಅವಧಿಯೊಳಗೇ ಮುಗಿಸಲಿ.